ಹಳೇ ಅಂಗಿಗೆ ಎಷ್ಟು ಬೆಲೆ?

ಮಕ್ಕಳು ಬೆಳೆಯುತ್ತಾರೆ. ಬಟ್ಟೆ ಬೆಳೆಯುವುದಿಲ್ಲ. ಇದು ಎಲ್ಲ ತಾಯಂದಿರ ಕಷ್ಟ.

ಹುಟ್ಟಿದಾಗ ಮಗು ಸುಮಾರು 50 ಸೆಂಟಿಮೀಟರ್ ಉದ್ದ ಇರುತ್ತದೆ. ವರ್ಷ ತುಂಬುವಾಗ ಸುಮಾರು 75 ಸೆಂಟಿಮೀಟರ್ ಆಗುತ್ತದೆ. ಅಂದರೆ ಒಂದೇ ವರ್ಷದಲ್ಲಿ ಒಂದೂವರೆ ಪಟ್ಟು. ನಾಲ್ಕನೇ ತಿಂಗಳಲ್ಲಿ ಸರಿಯಾಗಿದ್ದ ಅಂಗಿ ಎಂಟನೇ ತಿಂಗಳಿಗೆ ತೋಳಿಗೇ ಏರುವುದಿಲ್ಲ. ಎರಡು ವರ್ಷ ದಾಟಿದ ಮೇಲೆ ಬೆಳವಣಿಗೆ ನಿಧಾನ. ಆಗ ವರ್ಷಕ್ಕೆ ಸುಮಾರು 6 ಸೆಂಟಿಮೀಟರ್ ಬೆಳೆಯುತ್ತಾರೆ.

ಆದ್ದರಿಂದ ಕೂಸಿನ ಬಟ್ಟೆ ಹರಿಯುವ ಮೊದಲೇ ಗಿಡ್ಡವಾಗುತ್ತದೆ. ಓಡಾಡುವ ಮಕ್ಕಳ ಬಟ್ಟೆ ಗಿಡ್ಡವಾಗುವ ಮೊದಲೇ ಹರಿಯುತ್ತದೆ. ಈ ಮಾತು ನೆನಪಿರಲಿ. ಹಳೇ ಬಟ್ಟೆ ಕೊಳ್ಳುವಾಗ ಇದು ಉಪಯೋಗಕ್ಕೆ ಬರುತ್ತದೆ.

ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ಸಮವಸ್ತ್ರ ಉಚಿತ. ಆದರೆ ಮನೆಯಲ್ಲಿ ಹಾಕಲು ಬೇರೆ ಬಟ್ಟೆ ಬೇಕಲ್ಲ? ಇನ್ನೂ ಶಾಲೆಗೆ ಸೇರದ ಮಕ್ಕಳಿಗೂ ಬೇಕು. ಎಲ್ಲವನ್ನೂ ಹೊಸದಾಗಿ ತರಲು ಕೂಲಿ ದುಡ್ಡು ಸಾಲದು. ಹಾಗಾಗಿ ಎಷ್ಟೋ ತಾಯಂದಿರು ಸಂತೆಯಲ್ಲಿ ಹಳೇ ಬಟ್ಟೆಯ ರಾಶಿಯ ಮುಂದೆ ಕೂರುತ್ತಾರೆ. ಕೂರುವಾಗ ಯಾರಾದರೂ ನೋಡಿಯಾರೆಂದು ಸೆರಗು ಮುಂದೆ ಎಳೆದುಕೊಳ್ಳುತ್ತಾರೆ.

ನಾಚಿಕೆ ಯಾಕೆ? ನಮ್ಮಲ್ಲಿ ಹುಟ್ಟಿದ ಕೂಸನ್ನು ಮೊದಲು ಸುತ್ತುವುದೇ ಹಳೇ ಸೀರೆಯಲ್ಲಿ, ಹಳೇ ಪಂಚೆಯಲ್ಲಿ. ಒಗೆದು ಒಗೆದು ಮೆತ್ತಗಾದ ಬಟ್ಟೆ ಎಳೇ ಚರ್ಮಕ್ಕೆ ಹಿತ. ಉತ್ತರ ಕರ್ನಾಟಕದ ಹೆಂಗಸರು ಹಳೇ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುತ್ತಾರೆ. ಅದನ್ನು ಯಾರೂ ಹೀನಾಯ ಅನ್ನುವುದಿಲ್ಲ. ಅಣ್ಣನ ಅಂಗಿ ತಮ್ಮ ಹಾಕುವುದು ಎಲ್ಲರ ಮನೆಯಲ್ಲೂ ಉಂಟು.

ನಾಚಿಕೆಯ ಮಾತು ಬಿಡೋಣ. ಬೆಲೆಯ ಮಾತು ಆಡೋಣ. ಕೊಟ್ಟ ದುಡ್ಡು ನ್ಯಾಯವೇ?

ನಮ್ಮ ಕಲಿಕಾ ಕೇಂದ್ರದಲ್ಲಿ ಒಂದು ದಿನ ಇದೇ ಚರ್ಚೆ ಆಯಿತು. ತರಕಾರಿ ಮಾರುವ ಅಕ್ಕ ಸಂತೆಯಿಂದ ಒಂದು ಹಳೇ ಫ್ರಾಕು ತಂದಿದ್ದಳು. ಕೊಟ್ಟದ್ದು 60 ರೂಪಾಯಿ.

"ನೋಡಿ ಟೀಚರ್, ಅವಳು ಇದನ್ನ ಯಾರದೋ ಮನೇಲಿ ಪಾತ್ರೆ ಕೊಟ್ಟು ತಂದಿರ್ತಾಳೆ. ಅವಳಿಗೆ ಇದು ಪುಕ್ಕಟೆ. ನಮ್ಮ ಹತ್ರ 60 ಕಿತ್ಕೊಂಡ್ಲು" ಅಂದಳು.

ಮೂಲೆಯಲ್ಲಿ ಕೂತಿದ್ದ ಅಜ್ಜಿ ತಲೆ ಎತ್ತಿದರು. ಅವರು ಎಷ್ಟೋ ವರ್ಷ ತಲೆ ಮೇಲೆ ಪಾತ್ರೆ ಬುಟ್ಟಿ ಹೊತ್ತು ಬೀದಿ ಬೀದಿ ತಿರುಗಿದವರು.

"ಪಾತ್ರೆ ಏನು ಮರದಲ್ಲಿ ಬಿಡ್ತದಾ ಮಗಳೇ? ಅದಕ್ಕೆ ದುಡ್ಡು ಕೊಟ್ಟಿಲ್ವಾ?" ಅಂದರು.

ಅಜ್ಜಿ ಹೇಳುತ್ತಾ ಹೋದರು. ನಾನು ಹಲಗೆಯ ಮೇಲೆ ಬರೆದೆ. ನೀವೂ ಪಾಟಿಯ ಮೇಲೆ ಬರೆದುಕೊಳ್ಳಿ.

ಒಂದು ಸ್ಟೀಲ್ ಪಾತ್ರೆಗೆ 150 ರೂಪಾಯಿ ಅಂತ ಇಟ್ಟುಕೊಳ್ಳೋಣ. ಮೂರು ಪಾತ್ರೆಗೆ 450. ಒಂದು ಪಾತ್ರೆಗೆ 6 ಬಟ್ಟೆ ಸಿಕ್ಕಿತು. ಒಟ್ಟು 18 ಬಟ್ಟೆ. ಅದರಲ್ಲಿ 6 ಹರಿದದ್ದು. ಅವು ಕೌದಿಗೆ, ಇಲ್ಲವೇ ಗ್ಯಾರೇಜಿನಲ್ಲಿ ಎಣ್ಣೆ ಒರೆಸಲು ಹೋಗುತ್ತವೆ. ಅದರಿಂದ ಬರುವ ಕಾಸು ಅಷ್ಟಕ್ಕಷ್ಟೆ. ಮಾರಲು ಉಳಿದದ್ದು 12. ಅವನ್ನು ಒಗೆಯಬೇಕು, ಗುಂಡಿ ಹಾಕಬೇಕು. ಸೋಪು, ದಾರ, ಗುಂಡಿಗೆ 40 ರೂಪಾಯಿ. ಸರ್ಕಾರಿ ಬಸ್ಸಿನಲ್ಲಿ 2023ರ ಜೂನ್‌ನಿಂದ ಹೆಂಗಸರಿಗೆ ಟಿಕೆಟ್ ಉಚಿತ, ಸರಿ. ಆದರೆ ಬಸ್ ನಿಲ್ದಾಣದಿಂದ ಸಂತೆಗೆ ಗಂಟು ಸಾಗಿಸಲು ಆಟೋ ಬೇಕು. ಅದಕ್ಕೆ 60. ಸಂತೆ ಸುಂಕ 20. ಟೀ, ತಿಂಡಿಗೆ 30.

ಎಲ್ಲ ಕೂಡಿದರೆ 600 ರೂಪಾಯಿ. 12 ಬಟ್ಟೆಗೆ ಹಂಚಿದರೆ ಒಂದಕ್ಕೆ 50 ಬಿತ್ತು. 60ಕ್ಕೆ ಮಾರಿದರೆ ಒಂದಕ್ಕೆ ಉಳಿಯುವುದು 10. ಹನ್ನೆರಡೂ ಮಾರಿದರೆ 120 ರೂಪಾಯಿ. ಒಂದು ದಿನ ಬೀದಿ ತಿರುಗಿ, ಇನ್ನೊಂದು ದಿನ ಸಂತೆಯಲ್ಲಿ ಬಿಸಿಲಿಗೆ ಕೂತದ್ದಕ್ಕೆ ಇಷ್ಟು.

ತರಕಾರಿ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು: "ಸರಿ ಅಜ್ಜಿ. ಅವಳಿಗೆ ನಷ್ಟ ಆಗಬಾರದು. ಆದ್ರೆ ಈ ಫ್ರಾಕು ಎರಡೇ ವಾರಕ್ಕೆ ಕಂಕುಳಲ್ಲಿ ಹರೀತು. ನನ್ನ ನಷ್ಟ ಯಾರು ನೋಡ್ತಾರೆ?"

ಇದೂ ನ್ಯಾಯವಾದ ಪ್ರಶ್ನೆಯೇ. ಮಾರುವವಳ ಖರ್ಚು ಒಂದು ಕಡೆ. ಆ ಬಟ್ಟೆ ನಮ್ಮ ಮಗುವಿಗೆ ಎಷ್ಟು ದಿನ ಬರುತ್ತದೆ ಅನ್ನುವುದು ಇನ್ನೊಂದು ಕಡೆ. ಎರಡನ್ನೂ ತೂಗಬೇಕು.

ಬಟ್ಟೆಯ ಬೆಲೆಯನ್ನು ತಿಂಗಳಿಂದ ಭಾಗಿಸಿ ನೋಡಿ. ಹೊಸ ಫ್ರಾಕಿಗೆ 300 ರೂಪಾಯಿ. ಹನ್ನೆರಡು ತಿಂಗಳು ಬಂದರೆ ತಿಂಗಳಿಗೆ 25 ಆಯಿತು. ಹಳೇ ಫ್ರಾಕಿಗೆ 60. ನಾಲ್ಕು ತಿಂಗಳು ಬಂದರೆ ತಿಂಗಳಿಗೆ 15. ಇದು ಲಾಭ. ಅದೇ ಹಳೇ ಫ್ರಾಕು ಒಂದೇ ತಿಂಗಳಿಗೆ ಹರಿದರೆ? ತಿಂಗಳಿಗೆ 60 ಬಿತ್ತು. ಹೊಸದಕ್ಕಿಂತ ದುಬಾರಿ! ಕಡಿಮೆ ಬೆಲೆ ಅಂತ ತಂದದ್ದು ಹೆಚ್ಚು ಬೆಲೆಯದಾಯಿತು.

ನನ್ನನ್ನು ಕೇಳಿದರೆ, ಎಷ್ಟೇ ಚೆನ್ನಾಗಿದ್ದರೂ ಹಳೇ ಬಟ್ಟೆಗೆ ಹೊಸದರ ಮೂರನೇ ಒಂದು ಪಾಲಿಗಿಂತ ಹೆಚ್ಚು ಕೊಡಬಾರದು. ಹೊಸದು 300 ಇದ್ದರೆ ಹಳೇದಕ್ಕೆ 100ರ ಒಳಗೆ. ಅದಕ್ಕೇ ಮೊದಲು ಹೊಸದರ ಬೆಲೆ ಕೇಳಿಕೊಂಡು ಬನ್ನಿ. ಸಂತೆಯಲ್ಲಿ ತೆಳು ಬಟ್ಟೆಯ ಹೊಸ ಫ್ರಾಕು 150ಕ್ಕೂ ಸಿಗಬಹುದು. ಅದರ ಪಕ್ಕದಲ್ಲೇ ಹಳೇದಕ್ಕೆ 120 ಕೇಳಿದರೆ ಎದ್ದು ಬನ್ನಿ.

ಕೊಳ್ಳುವ ಮೊದಲು ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ. ಎಲ್ಲಿ ಬೆಳಕು ಹೆಚ್ಚು ಹಾಯುತ್ತದೋ ಅಲ್ಲಿ ಬಟ್ಟೆ ಸವೆದಿದೆ. ಕಂಕುಳು, ಮೊಣಕೈ, ಚಡ್ಡಿಯ ಕುಂಡಿ ಭಾಗ, ಪ್ಯಾಂಟಿನ ಮಂಡಿ ಮೊದಲು ಸವೆಯುತ್ತವೆ. ಹೊಲಿಗೆಯ ಎರಡೂ ಕಡೆ ಹಿಡಿದು ಮೆಲ್ಲಗೆ ಎಳೆಯಿರಿ. ದಾರ ಬಿಟ್ಟಿದ್ದರೆ ಮತ್ತೆ ಹೊಲಿಯಬಹುದು. ಬಟ್ಟೆಯೇ ಬಿಟ್ಟಿದ್ದರೆ ಹೊಲಿದರೂ ನಿಲ್ಲುವುದಿಲ್ಲ. ಎಲಾಸ್ಟಿಕ್ ಸಡಿಲ ಆಗಿದ್ದರೆ ಚಿಂತೆ ಇಲ್ಲ, ಹೊಸದು ಹಾಕಬಹುದು. ಜಿಪ್ ಕೆಟ್ಟಿದ್ದರೆ ಮಾತ್ರ ಬೆಲೆ ಇಳಿಸಲೇಬೇಕು. ದರ್ಜಿ ಜಿಪ್ ಹಾಕಲು ತೆಗೆದುಕೊಳ್ಳುವ ದುಡ್ಡೂ ಲೆಕ್ಕಕ್ಕೆ ಬರಬೇಕಲ್ಲ!

ಕೂಸಿನ ಬಟ್ಟೆಯಲ್ಲಿ ಗುಂಡಿ ಜೋಲಾಡುತ್ತಿದ್ದರೆ ಬಿಗಿಯಾಗಿ ಹೊಲಿಯಿರಿ. ಕೂಸು ಅದನ್ನು ಕಿತ್ತು ನುಂಗಬಹುದು. ಕುತ್ತಿಗೆಯ ಸುತ್ತ ಲಾಡಿ ಇದ್ದರೆ ತೆಗೆದುಹಾಕಿ. ಒಲೆಯ ಹತ್ತಿರ ಆಡುವ ಮಕ್ಕಳಿಗೆ ನೈಲಾನ್, ಪಾಲಿಯೆಸ್ಟರ್ ಬೇಡ. ಬೆಂಕಿ ತಗುಲಿದರೆ ಆ ಬಟ್ಟೆ ಕರಗಿ ಮೈಗೆ ಅಂಟುತ್ತದೆ. ಹತ್ತಿ ಬಟ್ಟೆಗೂ ಬೆಂಕಿ ಹತ್ತುತ್ತದೆ, ಆದರೆ ಹೀಗೆ ಕರಗಿ ಅಂಟುವುದಿಲ್ಲ.

ಅಳತೆಗೆ ಒಂದು ಸುಲಭ ಉಪಾಯ ಇದೆ. ಸಂತೆಗೆ ಹೊರಡುವ ಮೊದಲು ಒಂದು ದಾರ ತೆಗೆದುಕೊಳ್ಳಿ. ಮಗುವಿನ ಭುಜದಿಂದ ಮಂಡಿಯವರೆಗೆ ಅಳೆದು ಒಂದು ಗಂಟು ಹಾಕಿ. ಇನ್ನೊಂದು ದಾರದಲ್ಲಿ ಎದೆಯ ಸುತ್ತಳತೆ ತೆಗೆದುಕೊಳ್ಳಿ. ಬಟ್ಟೆಯ ಒಳಗೆ 20, 22, 24 ಅಂತ ಅಂಕಿ ಇರುತ್ತದೆ. ಈಗ ನೀವು ಅದನ್ನು ಓದಬಲ್ಲಿರಿ. ಆದರೆ ಆ ಅಂಕಿ ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಆಗುತ್ತದೆ. ಅಂಕಿಗಿಂತ ದಾರವನ್ನೇ ನಂಬಿ. ನಾಲ್ಕು ಬೆರಳು ದೊಡ್ಡದಿದ್ದರೆ ಒಳ್ಳೆಯದು. ಮಡಚಿ ಹೊಲಿದು, ಮಗು ಬೆಳೆದಂತೆ ಬಿಚ್ಚುತ್ತಾ ಹೋಗಬಹುದು.

ಮನೆಗೆ ತಂದ ಕೂಡಲೇ ಮಗುವಿಗೆ ತೊಡಿಸಬೇಡಿ. ಹತ್ತಿ ಬಟ್ಟೆಯನ್ನು ಕುದಿಯುವ ನೀರು, ಸೋಪಿನಲ್ಲಿ ನೆನೆಸಿ ಒಗೆಯಿರಿ. ಚೆನ್ನಾಗಿ ಬಿಸಿಲಿಗೆ ಹಾಕಿ. ಕಜ್ಜಿಯ ಹುಳು, ಹೇನು ಬಟ್ಟೆಯಲ್ಲಿ ಬರಬಹುದು. ಉಣ್ಣೆಯ ಸ್ವೆಟರ್ ಬಿಸಿನೀರಿಗೆ ಕುಗ್ಗುತ್ತದೆ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಎರಡು ವಾರ ಇಡಿ. ಮನುಷ್ಯರ ಮೈ ಸಿಗದೆ ಹುಳು ಸಾಯುತ್ತವೆ. ಆಮೇಲೆ ತಣ್ಣೀರಲ್ಲಿ ಒಗೆಯಿರಿ.

ಇನ್ನೊಂದು ಬಗೆಯ ಅಂಗಡಿ ಇದೆ. ಕೆಲವು ಊರುಗಳಲ್ಲಿ ಸೇವಾ ಸಂಸ್ಥೆಗಳು ದಾನವಾಗಿ ಬಂದ ಬಟ್ಟೆಯನ್ನು ಕಡಿಮೆ ಬೆಲೆಗೆ ಮಾರುತ್ತವೆ. ಇಂಗ್ಲೆಂಡ್ ದೇಶದಲ್ಲಂತೂ ಇಂಥ ಅಂಗಡಿಗಳು ಬಹಳ. ಅಲ್ಲಿ ಎಷ್ಟೋ ಜನ ಸಂಬಳ ಇಲ್ಲದೆ ಕೆಲಸ ಮಾಡುತ್ತಾರೆ. ಬಂದ ಹಣ ಸೇವೆಯ ಕೆಲಸಕ್ಕೆ ಹೋಗುತ್ತದೆ.

"ದಾನ ಬಂದ ಬಟ್ಟೆಗೆ ದುಡ್ಡು ಯಾಕೆ?" ಅಂತ ನೀವು ಕೇಳಬಹುದು. ಬಾಡಿಗೆ, ಕರೆಂಟು, ಸಾಗಾಟದ ಖರ್ಚು ಇದ್ದೇ ಇರುತ್ತದೆ. ಆ ಮಟ್ಟಿಗೆ ಬೆಲೆ ಇಡುವುದು ತಪ್ಪಲ್ಲ. ಸುಮ್ಮನೆ ಕೈಚಾಚುವುದಕ್ಕಿಂತ ಹತ್ತಿಪ್ಪತ್ತು ರೂಪಾಯಿ ಕೊಟ್ಟು, ಆರಿಸಿ, ಬೇಡದ್ದನ್ನು ಬೇಡ ಅಂದು ತರುವುದು ಎಷ್ಟೋ ಮೇಲು. ಗೂಂಜ್ ಅನ್ನುವ ಸಂಸ್ಥೆ ಬೇರೆ ದಾರಿ ಹಿಡಿದಿದೆ. ಅಂಶು ಗುಪ್ತಾ ಎಂಬುವರು ಅದನ್ನು 1999ರಲ್ಲಿ ದೆಹಲಿಯಲ್ಲಿ ಶುರು ಮಾಡಿದರು. 2015ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಊರಿನವರು ತಮ್ಮ ಊರಿಗೆ ಬೇಕಾದ ಬಾವಿ, ದಾರಿಯ ಕೆಲಸವನ್ನು ತಾವೇ ಸೇರಿ ಮಾಡುತ್ತಾರೆ. ಆ ದುಡಿಮೆಗೆ ಪ್ರತಿಯಾಗಿ ಬಟ್ಟೆ ಪಡೆಯುತ್ತಾರೆ.

ಆದರೆ ದಾನದ ಹೆಸರು ಹೇಳಿ ಹೊಸ ಬಟ್ಟೆಯಷ್ಟೇ ಬೆಲೆ ಇಟ್ಟರೆ? ಆಗ ಕೇಳಿ. "ಈ ದುಡ್ಡು ಯಾವ ಕೆಲಸಕ್ಕೆ ಹೋಗುತ್ತೆ ಸ್ವಾಮಿ?" ಅಂತ ಕೇಳುವುದರಲ್ಲಿ ತಪ್ಪೇನೂ ಇಲ್ಲ. ರಸೀದಿ ಕೇಳಿ. ಓದಿ ನೋಡಿ.

ಹೊಸ ಬಟ್ಟೆಯ ಚೀಟಿಯ ಮೇಲೆ ಎಂ.ಆರ್.ಪಿ. ಅಂತ ಬರೆದಿರುತ್ತದೆ. ಅದು ತೆರಿಗೆಯೂ ಸೇರಿದ ಗರಿಷ್ಠ ಬೆಲೆ. ಅದಕ್ಕಿಂತ ಹೆಚ್ಚು ಕೇಳುವ ಹಾಗಿಲ್ಲ. ಕಡಿಮೆಗೆ ಚೌಕಾಸಿ ಮಾಡಬಹುದು. ಹೆಚ್ಚು ಕೇಳಿದರೆ ಬಿಲ್ಲು ಇಟ್ಟುಕೊಂಡು 1915 ನಂಬರಿಗೆ ಫೋನ್ ಮಾಡಿ. ಅದು ಗ್ರಾಹಕರ ಸಹಾಯವಾಣಿ. ಹಳೇ ಬಟ್ಟೆಗೆ ಇಂಥ ಚೀಟಿ ಇಲ್ಲ. ಅಲ್ಲಿ ನಿಮ್ಮ ಕಣ್ಣು, ನಿಮ್ಮ ಲೆಕ್ಕ, ನಿಮ್ಮ ಮಾತು.

ಲೆಕ್ಕ ಮಾಡಿ

ಒಂದು ಹಳೇ ಸ್ವೆಟರಿಗೆ 80 ರೂಪಾಯಿ. ಗುಂಡಿ ಹಾಕಲು 10 ರೂಪಾಯಿ. ಅದು ಮೂರು ತಿಂಗಳ ಚಳಿಗೆ ಬಂತು. ತಿಂಗಳಿಗೆ ಎಷ್ಟು ಬಿತ್ತು? ಅದೇ ಸ್ವೆಟರನ್ನು ಮುಂದಿನ ವರ್ಷ ತಂಗಿಯೂ ಮೂರು ತಿಂಗಳು ಹಾಕಿಕೊಂಡರೆ ಎಷ್ಟು?

ಮಾತಾಡಿ

ನಿಮ್ಮ ಊರಿನ ಸಂತೆಯಲ್ಲಿ ಮಕ್ಕಳ ಹಳೇ ಅಂಗಿಗೆ ಎಷ್ಟು ಕೇಳುತ್ತಾರೆ? ಹೊಸದಕ್ಕೆ ಎಷ್ಟು? ಮುಂದಿನ ಸಂತೆಯ ದಿನ ಇಬ್ಬರು ಸೇರಿ ಹೋಗಿ ಎರಡೂ ಬೆಲೆ ಬರೆದುಕೊಂಡು ಬನ್ನಿ.