ಇಬ್ಬರಿಗೂ ಇದ್ದ ಮೇಲೆ ನಿರೋಧ್ ಯಾಕೆ?

ಪ್ರಶ್ನೆ: ನನಗೆ 41 ವರ್ಷ, ಹೆಂಡತಿಗೆ 35. ಇಬ್ಬರಿಗೂ ಎಚ್‌ಐವಿ ಇದೆ. ನಾನು ಆರು ವರ್ಷದಿಂದ ಎಆರ್‌ಟಿ ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಇಳಿದಿದೆ. ನಮ್ಮಕ್ಕ ಬಂದು ಉಳಿದಿದ್ದಾಗ ಡಬ್ಬಿ ಕಣ್ಣಿಗೆ ಬಿದ್ದೀತೆಂದು ನನ್ನಾಕೆ ಮಾತ್ರೆ ನಿಲ್ಲಿಸಿದವಳು, ಮೂರು ತಿಂಗಳಾದರೂ ಮತ್ತೆ ಶುರು ಮಾಡಿಲ್ಲ. ‘ನಿರೋಧ್ ಬಿಡಬೇಡಿ, ಬೇರೆ ತಳಿ ಸೇರಿಕೊಂಡೀತು’ ಅಂತಾರೆ ಆಪ್ತ ಸಮಾಲೋಚಕರು. ಇಬ್ಬರಿಗೂ ಇರುವುದು ಒಂದೇ ಕಾಯಿಲೆ ಅಲ್ಲವೇ ಡಾಕ್ಟ್ರೇ?
– ಹೆಸರು, ಊರು ಬೇಡ

ಉತ್ತರ: ಕಾಯಿಲೆ ಒಂದೇ, ವೈರಸ್ ಒಂದೇ ಅಲ್ಲ. ನಿಮ್ಮೊಬ್ಬರ ಮೈಯೊಳಗಿನ ವೈರಸ್‌ಗಳೇ ಒಂದರಂತೆ ಇನ್ನೊಂದಿಲ್ಲ. ಎಚ್‌ಐವಿಯ ಆರ್‌ಎನ್‌ಎ ಸುಮಾರು 9,700 ಅಕ್ಷರಗಳ ಬರಹ. ನಮ್ಮ ಜೀವಕೋಶ ಹೊಕ್ಕ ಮೇಲೆ ಅದರ ಕಿಣ್ವ ಆ ಬರಹವನ್ನು ಡಿಎನ್‌ಎ ಆಗಿ ನಕಲು ಮಾಡುತ್ತದೆ. ಬರೆದದ್ದನ್ನು ಓದಿ ತಿದ್ದುವ ಶಕ್ತಿ ಅದಕ್ಕಿಲ್ಲ. ಚಿಕಿತ್ಸೆ ಪಡೆಯದವರಲ್ಲಿ ದಿನಕ್ಕೆ ನೂರಾರು ಕೋಟಿ ಹೊಸ ವೈರಸ್ ಹುಟ್ಟುತ್ತವೆ, ತಪ್ಪುಗಳ ಸಮೇತ.

ಬೆರಕೆಯ ಸಂಗತಿ ಇನ್ನೂ ಸೋಜಿಗದ್ದು. ಪ್ರತಿ ವೈರಸ್‌ನೊಳಗೆ ಆರ್‌ಎನ್‌ಎಯ ಎರಡು ಪ್ರತಿ ಇರುತ್ತವೆ. ಓಲೆಗರಿ ನಕಲು ಮಾಡುವ ಲಿಪಿಕಾರ ಎರಡು ಕಟ್ಟು ಬಿಚ್ಚಿಟ್ಟುಕೊಂಡು, ಇದರಿಂದ ನಾಲ್ಕು ಸಾಲು, ಅದರಿಂದ ಆರು ಸಾಲು ಎತ್ತಿ ಬರೆದರೆ ಹೇಗೋ, ಕಿಣ್ವವೂ ಹಾಗೆ ಎರಡರ ನಡುವೆ ಜಿಗಿಯುತ್ತ ಬರೆಯುತ್ತದೆ. ಎರಡೂ ಒಂದೇ ಪಾಠವಾದರೆ ಏನೂ ಆಗುವುದಿಲ್ಲ. ಒಂದೇ ಜೀವಕೋಶಕ್ಕೆ ಎರಡು ತಳಿ ನುಗ್ಗಿ, ಅಲ್ಲಿಂದ ಹೊರಟ ವೈರಸ್ ಎರಡರದೂ ಒಂದೊಂದು ಪ್ರತಿ ಹೊತ್ತಿದ್ದರೆ ಮಾತ್ರ ಮುಂದಿನ ನಕಲಿನಲ್ಲಿ ಮೂರನೆಯ ಪಾಠ ಹುಟ್ಟುತ್ತದೆ.

ನಮ್ಮ ದೇಶದಲ್ಲಿ ಹೆಚ್ಚಾಗಿ ಇರುವುದು ಸಿ ಉಪತಳಿ. ಇದೇ ಭಾರತದ ಸಿ, ಥಾಯ್ಲೆಂಡ್ ಕಡೆಯ ಬಿ ಜೊತೆ ಬೆರೆತು ಚೀನಾದಲ್ಲಿ 07_ಬಿಸಿ ಎಂಬ ಹೊಸ ತಳಿಯಾಗಿ ಹಬ್ಬಿತು. ಜಗತ್ತಿನಲ್ಲಿ ಇಂಥ ಹರಡುವ ಬೆರಕೆ ತಳಿಗಳು ನೂರಕ್ಕೂ ಹೆಚ್ಚು.

ಇನ್ನು ನಿಮ್ಮ ಮನೆಯ ವಿಷಯ. ನಿಮ್ಮ ವೈರಸ್ ಪತ್ತೆಯಾಗದಷ್ಟು ಇಳಿದಿರುವಾಗ, ಲೈಂಗಿಕ ಸಂಪರ್ಕದಿಂದ ನಿಮ್ಮಿಂದ ಹೆಂಡತಿಗೆ ಏನೂ ಹೋಗುವುದಿಲ್ಲ. ಅವರಿಂದ ನಿಮಗೆ ಬರುವ ವೈರಸ್ಸನ್ನೂ ನೀವು ನುಂಗುತ್ತಿರುವ ಮಾತ್ರೆ ಸಾಮಾನ್ಯವಾಗಿ ಬಾಗಿಲಲ್ಲೇ ತಡೆಯುತ್ತದೆ. ಭಯ ಇರುವುದು ಒಂದೇ ಕಡೆ: ಮಾತ್ರೆಯನ್ನು ನಾಲ್ಕು ದಿನ ನುಂಗಿ ನಾಲ್ಕು ದಿನ ಬಿಡುವವರ ಮೈಯಲ್ಲಿ ಔಷಧಕ್ಕೆ ಜಗ್ಗದ ವೈರಸ್ ಬೆಳೆಯಬಹುದು. ಅಂಥದ್ದು ಇನ್ನೊಬ್ಬರಿಗೆ ದಾಟಬಲ್ಲದು. ಒಂದು ಔಷಧಕ್ಕೆ ಜಗ್ಗದ್ದು, ಮತ್ತೊಂದಕ್ಕೆ ಜಗ್ಗದ್ದು ಒಂದೇ ಜೀವಕೋಶದಲ್ಲಿ ಕೂಡಿದರೆ ಎರಡಕ್ಕೂ ಜಗ್ಗದ್ದು ಹುಟ್ಟಬಹುದು. ನಿಮ್ಮ ಸಮಾಲೋಚಕರು ಸರಿಯಾಗಿಯೇ ಹೇಳಿದ್ದಾರೆ. ನಿಮ್ಮ ಹೆಂಡತಿಯ ವೈರಲ್ ಲೋಡ್ ಇಳಿಯುವ ತನಕ ನಿರೋಧ್ ಇರಲಿ.

ನಿಜವಾದ ಚಿಂತೆ ಮಾತ್ರ ತಳಿಯದ್ದಲ್ಲ, ಆ ಮೂರು ತಿಂಗಳದು. ವೈರಸ್ ಬೆರೆಯಬೇಕಾದರೆ ಮೊದಲು ಹೆಚ್ಚಬೇಕು. ಹೆಚ್ಚದಂತೆ ಹಿಡಿಯುವುದು ಮಾತ್ರೆ. ಈಗ ಕೊಡುವ ಟಿಎಲ್‌ಡಿ ದಿನಕ್ಕೆ ಒಂದೇ ಮಾತ್ರೆ, ಎಲ್ಲ ಉಪತಳಿಗಳ ಮೇಲೂ ಕೆಲಸ ಮಾಡುತ್ತದೆ, ಎಆರ್‌ಟಿ ಕೇಂದ್ರದಲ್ಲಿ ಉಚಿತ.

ನನ್ನಲ್ಲಿಗೆ ಬರುವ ಒಬ್ಬ ತಾಯಿ, ಅಲ್ಲಾಡಿದರೆ ಸದ್ದಾದೀತೆಂದು ಮಾತ್ರೆ ಬಾಟಲಿಗೆ ಹತ್ತಿ ತುರುಕಿ, ಕಡಲೆಹಿಟ್ಟಿನ ಡಬ್ಬದಲ್ಲಿ ಹುಗಿದಿಡುತ್ತಿದ್ದರು. ನಿಮ್ಮ ಪತ್ರ ಓದುವಾಗ ಅವರೇ ಕಣ್ಮುಂದೆ ಬಂದರು. ಹೀಗೆ ಬಚ್ಚಿಡುವ ಸ್ಥಿತಿ ತಂದವರು ಅವರಲ್ಲ, ನಾವೆಲ್ಲ. ಹೆಂಡತಿಯನ್ನು ಬೈಯಬೇಡಿ. ನಾಳೆಯೇ ಜೊತೆಯಲ್ಲಿ ಕೇಂದ್ರಕ್ಕೆ ಹೋಗಿ, ಬಿಟ್ಟ ದಿನಗಳನ್ನು ಮುಚ್ಚಿಡದೆ ಹೇಳಿ. ಇಬ್ಬರೂ ಒಂದೇ ಹೊತ್ತಿಗೆ ಮಾತ್ರೆ ತೆಗೆದುಕೊಳ್ಳಿ. ಅಲ್ಲಿಗೆ ಹೋಗಲು ಸಂಕೋಚವಾದರೆ ಮೊದಲು 1097ಕ್ಕೆ ಫೋನ್ ಮಾಡಿ; ಆ ಕರೆಗೆ ದುಡ್ಡಿಲ್ಲ.