ಹಾದಿ ದುರಸ್ತಿಗೆ ಹೊರಡುವ ಮುನ್ನ

ಕುಮಾರಪರ್ವತದಂಥ ಕಾಡುಹಾದಿಗಳಿಗೆ ಸ್ವಯಂಸೇವೆಗೆಂದು ಹೊರಡುವ ಗೆಳೆಯರೇ, ಪ್ಲಾಸ್ಟಿಕ್ ಹೆಕ್ಕಿ ತಂದರೆ ಕೆಲಸ ಮುಗಿಯಿತೆಂದುಕೊಳ್ಳಬೇಡಿ. ಹಾದಿಯನ್ನು ನಿಜವಾಗಿ ತಿನ್ನುವುದು ಮಳೆನೀರು. ತಿರುವು ತಪ್ಪಿಸಿ ನೇರ ಇಳಿಯುವವರ ಕಾಲ್ತುಳಿತಕ್ಕೆ ಹುಲ್ಲು ಸಾಯುತ್ತದೆ, ಬರಿಮಣ್ಣು ಸಿಕ್ಕಿದ ಮುಂಗಾರಿನ ನೀರು ಅದೇ ಜಾಡು ಹಿಡಿಯುತ್ತದೆ, ಕೆಲವು ಮಳೆಗಾಲ ಕಳೆಯುವುದರೊಳಗೆ ಕಾಲುದಾರಿ ಕೊರಕಲಾಗಿ ಮರದ ಬೇರು ಹೊರಬಿದ್ದಿರುತ್ತದೆ. ಆದ್ದರಿಂದ ಮೊದಲು ಅಡ್ಡದಾರಿಗಳನ್ನು ಒಣಕೊಂಬೆಗಳಿಂದ ಮುಚ್ಚಿ. ಹಾದಿಗೆ ಓರೆಯಾಗಿ ಕಲ್ಲು ಹೂತು ನೀರನ್ನು ಪಕ್ಕಕ್ಕೆ ತಿರುಗಿಸಿ; ಅಲ್ಲಿ ತುಂಬುವ ತರಗೆಲೆ, ಹೂಳನ್ನು ಮಳೆಗೆ ಮುಂಚೆಯೇ ತೆಗೆಯಿರಿ, ಇಲ್ಲದಿದ್ದರೆ ಕಲ್ಲಿಟ್ಟೂ ಪ್ರಯೋಜನವಿಲ್ಲ. ಕೆಸರು ಕಂಡಲ್ಲಿ ಬಳಸಿ ನಡೆದು ಹಾದಿ ಅಗಲಿಸಬೇಡಿ.

ಇದು ಅರಣ್ಯ ಇಲಾಖೆಯ ಕೆಲಸವಲ್ಲವೇ ಎನ್ನುವವರುಂಟು. ನಿಜ, ಅದಕ್ಕೇ ಅವರ ಅನುಮತಿಯಿಲ್ಲದೆ ಅಭಯಾರಣ್ಯದಲ್ಲಿ ಒಂದು ಕಲ್ಲನ್ನೂ ಕದಲಿಸಬಾರದು. ಆದರೆ ಅಮೆರಿಕದಲ್ಲಿ 1937ರಲ್ಲಿ ಪೂರ್ಣಗೊಂಡ, ಸುಮಾರು 3,500 ಕಿ.ಮೀ. ಉದ್ದದ ಅಪಲಾಚಿಯನ್ ಹಾದಿ ಇಂದಿಗೂ ನಡೆಯುವಂತಿರುವುದು ಬಹುಪಾಲು ಸ್ಥಳೀಯ ಕ್ಲಬ್ಬುಗಳ ಸ್ವಯಂಸೇವಕರಿಂದ. ಅವರು ತಮ್ಮ ಪಾಲಿನ ತುಂಡನ್ನು ವರ್ಷ ವರ್ಷವೂ ನೋಡಿಕೊಳ್ಳುತ್ತಾರೆ. ನೀವೂ ಹತ್ತು ಬೆಟ್ಟಗಳಲ್ಲಿ ಒಂದೊಂದು ದಿನದ ಅಭಿಯಾನ ಮಾಡುವ ಬದಲು ಒಂದೇ ಹಾದಿಯ ಒಂದು ಕಿಲೋಮೀಟರನ್ನು ಒಪ್ಪಿಕೊಳ್ಳಿ, ಮುಂದಿನ ಮುಂಗಾರಿಗೆ ಮುನ್ನ ಮತ್ತೆ ಅಲ್ಲಿಗೇ ಹೋಗಿ.