ಚೋಷೂ ನಾಡಿನ ಒಂದು ಹಳ್ಳಿಶಾಲೆ

ಜಪಾನಿನ ಅಭ್ಯುದಯವೆಂದೊಡನೆ ನಮ್ಮ ನೆನಪಿಗೆ ಬರುವುದು ಟೋಕಿಯೋ, ಒಸಾಕಾ ಮುಂತಾದ ಮಹಾನಗರಗಳು. ಆದರೆ ಆ ಅಭ್ಯುದಯದ ಬೀಜ ಮೊಳೆತ ತಾಣಗಳಲ್ಲೊಂದು ಹೊನ್ಷೂ ದ್ವೀಪದ ಪಶ್ಚಿಮ ತುದಿಯಲ್ಲಿರುವ ಹಾಗಿ ಎಂಬ ಸಣ್ಣ ಊರು. ಈಗಿನ ಯಾಮಗುಚಿ ಪ್ರಾಂತ್ಯವೇ ಹಿಂದಿನ ಚೋಷೂ ಸಂಸ್ಥಾನ.

1600ರ ಸೆಕಿಗಹರಾ ಯುದ್ಧದಲ್ಲಿ ಸೋತ ಪಕ್ಷವನ್ನು ಹಿಡಿದಿದ್ದ ಮೋರಿ ಮನೆತನವು ತನ್ನ ರಾಜ್ಯದ ಬಹುಭಾಗವನ್ನು ಕಳೆದುಕೊಂಡಿತು. ಉಳಿದುದು ಸುವೋ ಮತ್ತು ನಾಗತೋ ಎಂಬ ಎರಡು ಸೀಮೆಗಳು ಮಾತ್ರ. ಸಮುದ್ರದಂಚಿನ ಹಾಗಿ ಅವರ ರಾಜಧಾನಿಯಾಯಿತು.

ಈ ಊರಿನಲ್ಲಿ 1830ರಲ್ಲಿ ಯೋಷಿದಾ ಶೋಇನ್ ಜನಿಸಿದನು. 1854ರಲ್ಲಿ ಪಾಶ್ಚಾತ್ಯ ವಿದ್ಯೆಯನ್ನು ಕಲಿಯುವ ಹಂಬಲದಿಂದ, ಕಾನೂನನ್ನು ಮೀರಿ, ಷಿಮೋಡಾ ಬಂದರಿನಲ್ಲಿ ರಾತ್ರಿಯ ವೇಳೆ ಸಣ್ಣ ದೋಣಿಯಲ್ಲಿ ಅಮೆರಿಕದ ಹಡಗನ್ನು ತಲುಪಿದನು. ಅವರು ಆತನನ್ನು ಕರೆದೊಯ್ಯಲೊಪ್ಪಲಿಲ್ಲ. ಫಲವಾಗಿ ಸೆರೆಮನೆ ಪ್ರಾಪ್ತವಾಯಿತು. ಅಲ್ಲಿಯೂ ಆತನು ಸುಮ್ಮನಿರಲಿಲ್ಲ. ಸಹಕೈದಿಗಳಿಗೆ ಮೆನ್ಷಿಯಸನ ಗ್ರಂಥವನ್ನು ಪಾಠ ಹೇಳಿದನು. ಅವರಿಂದ ತಾನೂ ಕವಿತೆ ಕಲಿತನು.

ಬಿಡುಗಡೆಯಾದ ಮೇಲೆ ಗೃಹಬಂಧನದಲ್ಲಿದ್ದುಕೊಂಡೇ ಶೋಕಾ ಸೋನ್‌ಜುಕು ಎಂಬ ಹಳ್ಳಿಶಾಲೆಯನ್ನು ನಡೆಸಿದನು. ಮೊದಲಿಗೆ ಅದು ಎಂಟು ಚಾಪೆಗಳಷ್ಟು ಅಗಲದ ಒಂದು ಕೊಠಡಿ. ಮುಂದೆ ಶಿಷ್ಯರೇ ಕೈಗೂಡಿಸಿ ಅದನ್ನು ವಿಸ್ತರಿಸಿದರು. ಪಾಠ ನಡೆದದ್ದು ಸುಮಾರು ಎರಡು ವರ್ಷ ಮಾತ್ರ. ಸಂಸ್ಥಾನದ ದೊಡ್ಡ ವಿದ್ಯಾಲಯವು ಸಮುರಾಯ್ ಮನೆತನದವರಿಗಾಗಿ ಇದ್ದುದು. ಇಲ್ಲಿಯಾದರೋ ಕುಲಗೋತ್ರಗಳ ವಿಚಾರಣೆಯಿರಲಿಲ್ಲ. ಉನ್ನತ ಮನೆತನದ ತಕಾಸುಗಿ ಷಿನ್‌ಸಾಕುವಿನಂಥವರೊಡನೆ ರೈತನ ಮಗನಾದ ಇತೋ ಹಿರೋಬುಮಿಯೂ ಇಲ್ಲಿಯ ಶಿಷ್ಯನಾದನು. ಹೆಬ್ಬೆಟ್ಟೊತ್ತುತ್ತಿದ್ದ ಮನೆತನದಿಂದ ಬಂದು ಬಿ. ಎ. ತರಗತಿಯಲ್ಲಿ ಕುಳಿತಿರುವ ನನ್ನಂಥವನಿಗೆ ಈ ಸಂಗತಿ ಸಾಮಾನ್ಯವೆನಿಸುವುದಿಲ್ಲ.

ಷೋಗನ್ ಸರ್ಕಾರದ ಮಂತ್ರಿಯೊಬ್ಬನ ಕೊಲೆಗೆ ಹಂಚಿಕೆ ಹಾಕಿದುದಕ್ಕಾಗಿ 1859ರಲ್ಲಿ ಶೋಇನ್‌ನ ಶಿರಚ್ಛೇದವಾಯಿತು. ಆಗ ಆತನಿಗೆ ಇಪ್ಪತ್ತೊಂಬತ್ತು ವರ್ಷ. ಗುರುವಿನ ಕೆಲಸವನ್ನು ಶಿಷ್ಯರು ಮುಂದುವರಿಸಿದರು. 1863ರಲ್ಲಿ ತಕಾಸುಗಿಯು ರೈತರೂ ಸಮುರಾಯ್‌ಗಳೂ ಒಟ್ಟಿಗೆ ಸೇರಿದ ಪಡೆಯನ್ನು ಕಟ್ಟಿದನು. ಅದೇ ವರ್ಷ ಇತೋ ಗುಟ್ಟಾಗಿ ಲಂಡನ್ನಿಗೆ ಹೋಗಿ ಓದಿದನು. ಚೋಷೂ ಮತ್ತು ಸತ್ಸುಮಾ ಸಂಸ್ಥಾನಗಳು 1866ರಲ್ಲಿ ಕೈಜೋಡಿಸಿದವು. 1868ರ ವೇಳೆಗೆ ಷೋಗನ್ ಆಡಳಿತ ಕೊನೆಗೊಂಡಿತು. 1872ರಲ್ಲಿ ಸಾರ್ವತ್ರಿಕ ಶಿಕ್ಷಣದ ಶಾಸನ ಬಂದಿತು. 1885ರಲ್ಲಿ ಆ ರೈತನ ಮಗನೇ ಜಪಾನಿನ ಪ್ರಥಮ ಪ್ರಧಾನಮಂತ್ರಿಯಾದನು. 1898ರಲ್ಲಿ ಜಪಾನನ್ನು ಸಂದರ್ಶಿಸಿದ ನಮ್ಮ ವಿಶ್ವೇಶ್ವರಯ್ಯನವರು ಕಂಡು ಮೆಚ್ಚಿದುದು ಹೀಗೆ ರೂಪುಗೊಂಡ ನಾಡನ್ನೇ.

ಆದರೆ ಚಿತ್ರದ ಇನ್ನೊಂದು ಮಗ್ಗುಲನ್ನು ಮರೆಮಾಚುವುದು ಇತಿಹಾಸದ ವಿದ್ಯಾರ್ಥಿಗೆ ತಕ್ಕುದಲ್ಲ. ನೆರೆನಾಡುಗಳನ್ನು ವಶಪಡಿಸಿಕೊಳ್ಳಬೇಕೆಂದು ಶೋಇನ್‌ನೇ ಬರೆದಿದ್ದನು. ಇತೋ ಕೊರಿಯದ ಮೇಲೆ ಜಪಾನಿನ ಅಧಿಕಾರಿಯಾಗಿ ಆಳಿ, 1909ರಲ್ಲಿ ಕೊರಿಯದ ದೇಶಭಕ್ತನೊಬ್ಬನ ಗುಂಡಿಗೆ ಬಲಿಯಾದನು. ಮರುವರ್ಷವೇ ಕೊರಿಯ ತನ್ನ ಸ್ವಾತಂತ್ರ್ಯವನ್ನು ಕಳೆದುಕೊಂಡಿತು.

ಆ ಹಳ್ಳಿಶಾಲೆ 2015ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ವಿದ್ಯೆಯು ಬಡವನನ್ನು ಮೇಲೆತ್ತಬಲ್ಲುದು ಎಂಬುದಕ್ಕೆ ಅದು ಸಾಕ್ಷಿ. ಮೇಲೆದ್ದವನು ಇನ್ನೊಬ್ಬನನ್ನು ತುಳಿಯದಂತೆ ನೋಡಿಕೊಳ್ಳುವುದೂ ವಿದ್ಯೆಯ ಹೊಣೆಯೇ ಎಂಬುದನ್ನು ಪದವಿ ಪಡೆದು ಹೊರಡಲಿರುವ ನಾವು ಮರೆಯಬಾರದು.